ನಮಾಜಿನ ನಂತರದ ಕೈ

ಶುಕ್ರವಾರದ ಬಾಂಗು ಕೇಳಿದಾಗ ಅಣ್ಣನ ಬಾಯಲ್ಲಿ ಇನ್ನೂ ಮೊಳೆಗಳಿದ್ದವು. ಕುರ್ಚಿಯನ್ನು ಮಗುಚಿ ಹಾಕಿ, ರೆಕ್ಸಿನ್ ಬಿಗಿಯಾಗಿ ಎಳೆದು ಹಿಡಿದು, ತುಟಿಯ ಸಂದಿನಿಂದ ಒಂದೊಂದೇ ಮೊಳೆ ತೆಗೆದು ಹೊಡೆಯುವುದು ಅವರ ರೀತಿ. ಬೀದಿಯವರಿಗೆ ಅವರು ಮೊಳೆ ಸಾಹೇಬರು. ಉಳಿದ ಮೊಳೆಗಳನ್ನು ಅಂಗೈಗೆ ಉಗುಳಿ ಡಬ್ಬಿಗೆ ಹಾಕಿ ಎದ್ದರು. ಅಂಗಡಿಯ ಇನ್ನೊಂದು ಮೂಲೆಯಲ್ಲಿ ಹೊಲಿಗೆ ಯಂತ್ರದ ಸದ್ದೂ ನಿಂತಿತು. ಅಲ್ಲಿ ಕೂರುವವನು ಅವರ ತಮ್ಮ. ಇಬ್ಬರೂ ಕೈಕಾಲು ಮುಖ ತೊಳೆದು, ಷಟರ್ ಎಳೆದು, ಮಸೀದಿಯ ಕಡೆ ನಡೆದರು. ದಾರಿಯಲ್ಲಿ ಮಾತಿಲ್ಲ.

ತಾಯಿ ತೀರಿಕೊಂಡಾಗಿನಿಂದ ಹೀಗೆ. ಆಸ್ಪತ್ರೆಯಲ್ಲೇ ಇರಲಿ ಎಂದು ತಮ್ಮ ಹೇಳಿದ್ದ. ಮನೆಗೆ ಹೋಗಲೇಬೇಕೆಂದು ಆಕೆ ಹಟ ಹಿಡಿದಾಗ ಅಣ್ಣ ಕರೆತಂದರು. ಮರುದಿನವೇ ಆಕೆ ಹೋದರು. ಜಗಳವೇನೂ ಆಗಲಿಲ್ಲ. ತಮ್ಮ ಮಾತು ಬಿಟ್ಟ, ಅಷ್ಟೆ. ಅಣ್ಣ ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಅಳತೆ ಗುರುತು ಹಾಕಿ ಇಡುತ್ತಾರೆ, ತಮ್ಮ ಹೊಲಿದು ಇಡುತ್ತಾನೆ. ಸೋಫಾ ರಿಪೇರಿಗೆ ಬರುವ ಗಿರಾಕಿಗಳಿಗೆ ಏನೂ ಗೊತ್ತಾಗುವುದಿಲ್ಲ.

ಆದರೆ ನಮಾಜು ಮುಗಿದ ಮೇಲೆ ಪಕ್ಕದವರಿಗೆ ಕೈ ಕೊಟ್ಟು ‘ಅಲ್ಲಾಹ್ ಸ್ವೀಕರಿಸಲಿ’ ಎನ್ನುವ ರೂಢಿ ಆ ಮಸೀದಿಯಲ್ಲಿತ್ತು. ಒಟ್ಟಿಗೇ ಹೋಗುವುದರಿಂದ ಇಬ್ಬರೂ ಸಾಲಿನಲ್ಲಿ ಅಕ್ಕಪಕ್ಕ ನಿಲ್ಲುತ್ತಿದ್ದರು. ತಮ್ಮನು ಎರಡೂ ಕೈಗಳಲ್ಲಿ ಅಣ್ಣನ ಕೈ ಹಿಡಿದು, ಅಷ್ಟು ಹೇಳಿ ಬಿಡುತ್ತಿದ್ದ. ಇದೊಂದು ಇರುವವರೆಗೆ ಅವನು ತನ್ನನ್ನು ಪೂರ್ತಿ ದೂರ ಮಾಡಿಲ್ಲ ಎಂದು ಅಣ್ಣ ನಂಬಿದ್ದರು.

ಅಂದು ನಮಾಜಿನ ನಂತರ ಹೊಸ ಇಮಾಮರು ಎದ್ದು ನಿಂತರು. “ಭೇಟಿ ಆದಾಗ ಸಲಾಮ್ ಹೇಳಿ, ಕೈ ಕೊಡಿ. ಅದು ಪ್ರವಾದಿಯವರು ಕಲಿಸಿದ್ದು. ನಮಾಜು ಮುಗಿದ ತಕ್ಷಣ ಕೈ ಕೊಡ್ಬೇಕು ಅಂತ ಅವರು ಕಲಿಸಲಿಲ್ಲ. ಆರಾಧನೆಗೆ ನಾವಾಗಿ ಹೊಸದನ್ನ ಅಂಟಿಸಿದ್ರೆ ಅದು ಬಿದ್‌ಅತ್, ದಾರಿ ತಪ್ಪಿದ ಹಾಗೆ.”

ಮುಂದಿನ ಸಾಲಿನಲ್ಲಿ ನಿವೃತ್ತ ಬಸ್ ಕಂಡಕ್ಟರ್ ತಿರುಗಿ ಕೂತರು. “ಹಾಗಾದ್ರೆ ಇಷ್ಟು ವರ್ಷ ನಾನು ಕೈ ಕೊಟ್ಟೋರೆಲ್ಲ ನರಕದಲ್ಲಿ ಸೀಟು ಹಿಡ್ಕೊಂಡು ಕೂತಿದಾರಾ?”

ಇಮಾಮರೂ ನಕ್ಕರು. “ಇಲ್ಲ ಯಜಮಾನ್ರೆ. ಇದರಲ್ಲಿ ವಿದ್ವಾಂಸರಲ್ಲೇ ಎರಡು ಮಾತಿದೆ. ನೀವು ಕೈ ಚಾಚಿದ್ರೆ ನಾನು ಹಿಂದಕ್ಕೆ ಎಳ್ಕೊಳ್ಳಲ್ಲ. ಇದಿಲ್ಲದೆ ನಮಾಜು ಅರ್ಧ ಅಂತ ತಿಳ್ಕೊಬೇಡಿ, ಅಷ್ಟೇ.”

ಸಂಜೆಯ ನಮಾಜಿನಲ್ಲಿ ಕಂಡಕ್ಟರ್ ಎಂದಿನಂತೆ ಎಲ್ಲರಿಗೂ ಕೈ ಕೊಟ್ಟರು. ಅಣ್ಣನೂ ಬಲಕ್ಕೆ ಕೈ ಚಾಚಿದರು. ಪಕ್ಕದಲ್ಲಿ ತಮ್ಮ, ತಲೆ ತಗ್ಗಿಸಿ, ಬೆರಳ ಗೆಣ್ಣುಗಳ ಮೇಲೆ ಜಪ ಎಣಿಸುತ್ತಿದ್ದ. ಅಣ್ಣ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡರು.

ಮನೆಯಲ್ಲಿ ಹೆಂಡತಿಗೆ ಹೇಳಿದರು. “ನೀವೇ ಮೊದಲು ಸಲಾಮ್ ಹೇಳಿಬಿಡ್ರೀ. ಬಾಯಿಂದ ಮುತ್ತು ಉದುರುತ್ತಾ?” ಎಂದಳು ಆಕೆ.

“ಉದುರಿದ್ರೆ ಮೊಳೆ.”

ಆಕೆ ನಗಲಿಲ್ಲ.

ಮರುದಿನ ಬೆಳಿಗ್ಗೆ ಮಸೀದಿಯಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ ಇಮಾಮರು ಸಿಕ್ಕರು. “ಒಂದೇ ಅಂಗಡಿಯಲ್ಲಿ ಕೆಲಸ ಮಾಡೋರು ಬೆಳಿಗ್ಗೆ ಕೈ ಕೊಟ್ರೆ ತಪ್ಪಾಗುತ್ತಾ?” ಎಂದು ಅಣ್ಣ ಕೇಳಿದರು.

“ತಪ್ಪು ಯಾಕಾಗುತ್ತೆ? ಅದೇ ಸರಿಯಾದ ಜಾಗ.” ಇಮಾಮರು ಅವರ ಮುಖ ನೋಡಿ ದನಿ ತಗ್ಗಿಸಿದರು. “ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದು ಸಾಹೇಬ್ರೆ. ಮೊದಲು ಸಲಾಮ್ ಹೇಳೋನೇ ಮೇಲು.”

“ಆಯ್ತು,” ಎಂದರು ಅಣ್ಣ.

ಅವರು ಅಂಗಡಿಗೆ ಬಂದಾಗ ತಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದ. ಅಣ್ಣ ಬಾಗಿಲಲ್ಲೇ ನಿಂತು ಸಲಾಮ್ ಹೇಳಿದರು. ಸಲಾಮಿಗೆ ಉತ್ತರ ಕೊಡುವುದು ಕಡ್ಡಾಯ, ತಮ್ಮ ಕೊಟ್ಟ. ಅಣ್ಣ ಹತ್ತಿರ ಹೋಗಿ ಕೈ ಚಾಚಿದರು. ತಮ್ಮ ಒಂದು ಕೈಯಿಂದ ಮುಟ್ಟಿ ಬಿಟ್ಟ.

“ಮಸೀದೀಲಿ ಯಾಕೋ ಕೈ ಕೊಡ್ಲಿಲ್ಲ?”

“ಇಮಾಮ್ರು ಹೇಳಿದ್ರಲ್ಲ.”

“ಚಾಚಿದ ಕೈ ಬೇಡ ಅನ್ನು ಅಂತ ಹೇಳ್ಲಿಲ್ಲ.”

ತಮ್ಮ ದಾರದ ತುದಿಯನ್ನು ನೋಡುತ್ತಾ ಕೂತ. “ಸುಳ್ಳು ಯಾಕೆ ಹೇಳ್ಲಿ ಅಣ್ಣ. ಕೈ ಕೊಡದೆ ಎದ್ರೆ ನಮಾಜು ಪೂರ್ತಿ ಆಗಲ್ಲ ಅಂದ್ಕೊಂಡಿದ್ದೆ. ಚಿಕ್ಕಂದಿನಿಂದ ಹಾಗೇ ನೋಡಿದ್ದು. ಅದಕ್ಕೇ ಕೊಡ್ತಿದ್ದೆ. ಪಕ್ಕದಲ್ಲಿ ಯಾರಿದ್ರೂ ಕೊಡ್ತಿದ್ದೆ.”

ಅಣ್ಣ “ಹೂಂ” ಎಂದರು. ಮೊಳೆಯ ಡಬ್ಬಿ ಕೈಗೆತ್ತಿಕೊಂಡು, “ಅಮ್ಮನೇ ಮನೆಗೆ ಹೋಗೋಣ ಅಂದ್ಲು ಕಣೋ,” ಎಂದರು.

“ಅಂದ್ಲು. ನೀನು ಬೇಡ ಅನ್ಬೇಕಿತ್ತು.” ದಾರ ಸೂಜಿಯೊಳಗೆ ಹೋಯಿತು. “ಹಿಟ್ಟಿನ ಗಿರಣಿ ಹಿಂದೆ ಒಂದು ಶೆಡ್ ನೋಡಿದೀನಿ. ಅಲ್ಲಿಗೆ ಹೋಗ್ತೀನಿ.”

“ಯಂತ್ರ ತಗೊಂಡು ಹೋಗು. ನನಗೇನು ಹೊಲಿಯೋಕೆ ಬರುತ್ತಾ?”

ಅವರು ಕುರ್ಚಿಯ ಮುಂದೆ ಕೂತು ಮೊಳೆಗಳನ್ನು ಬಾಯಿಗೆ ಹಾಕಿಕೊಂಡರು. ಮಧ್ಯಾಹ್ನದೊಳಗೆ ಕುರ್ಚಿ ಮುಗಿಯಿತು. ಯಾವಾಗಲೋ ಸುತ್ತಿಗೆ ಹೆಬ್ಬೆರಳ ಮೇಲೆ ಬಿದ್ದಿತ್ತು. ಉಗುರು ಕಪ್ಪಾದದ್ದು ಸಂಜೆ ಹೆಂಡತಿ ತೋರಿಸಿದಾಗಲೇ ಅವರಿಗೆ ಗೊತ್ತಾದದ್ದು.

ಸೋಮವಾರ ತಳ್ಳುಗಾಡಿ ಬಂತು. ಯಂತ್ರದ ಒಂದು ಬದಿಯನ್ನು ತಮ್ಮ ಹಿಡಿದ, ಇನ್ನೊಂದನ್ನು ಅಣ್ಣ. “ಎತ್ತು,” “ನಿಧಾನ,” “ಇಳಿಸು” ಎಂಬ ಮಾತುಗಳಾದವು. ಹಗ್ಗ ಬಿಗಿದು, ಗಂಟು ಸರಿಯಾಗಿದೆಯೇ ಎಂದು ಅಣ್ಣ ಎಳೆದು ನೋಡಿದರು.

ಹೊಲಿಗೆ ಕೆಲಸ ಈಗ ಪಕ್ಕದ ಬೀದಿಯ ದರ್ಜಿಗೆ ಹೋಗುತ್ತದೆ. ಗಿರಣಿಯ ಹತ್ತಿರ ಬೇರೊಂದು ಮಸೀದಿ ಇದೆ. ತಮ್ಮ ನಮಾಜಿಗೆ ಅಲ್ಲಿಗೆ ಹೋಗುತ್ತಾನೆ.