ಸೋಮವಾರ ಕೊಡದ ರಕ್ತ

ಸೇನೆಯ ಆಸ್ಪತ್ರೆಗಳ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದ ಮೇಲೆ, ಬೆಳಗಾವಿಯಲ್ಲಿ ಮಾನವ ಜೀವಶಾಸ್ತ್ರ ಮತ್ತು ಸಾಂಕ್ರಾಮಿಕ ರೋಗಗಳ ಎಂ.ಎಸ್ಸಿ.ಗೆ ಹೆಸರು ಹಚ್ಚಿದೆ. ಶಿವಬಸವ ನಗರದ ಮನೆಯಲ್ಲಿ ನಸುಕಿಗೇ ಎದ್ದು, ಲಿಂಗಪೂಜೆ ಮುಗಿಸಿ, ಬೂಟು ಪಾಲಿಶ್ ಮಾಡಿಕೊಂಡು, ಎಲ್ಲರಿಗಿಂತ ಮೊದಲು ತರಗತಿಯಲ್ಲಿ ಕೂಡುತ್ತೇನೆ. ಮಧ್ಯಾಹ್ನದ ಪಾಠದ ಹೊತ್ತಿಗೆ ಕಣ್ಣು ಎಳೆಯುತ್ತದೆ.

ಈ ಮಳೆಗಾಲದಲ್ಲಿ ನನ್ನ ಪಾಲಿಗೆ ಬಂದ ಪ್ರಾಜೆಕ್ಟ್ ಇಲಿಜ್ವರದ್ದು. ಇಲಿಯ ಮೂತ್ರ ಬೆರೆತ ಗದ್ದೆಯ ನೀರು ಕಾಲಿನ ಬಿರುಕುಗಳಿಂದ ಒಳಹೊಕ್ಕು ತರುವ ರೋಗ ಅದು. ಖಾನಾಪುರದ ಆಸ್ಪತ್ರೆಗೆ ಜ್ವರವೆಂದು ಬಂದವರ ರಕ್ತ ಒಮ್ಮೆ ತೆಗೆಯಬೇಕು, ಗುಣವಾದ ಮೇಲೆ ಮತ್ತೊಮ್ಮೆ. ಎರಡನ್ನೂ ಜೊತೆಗಿಟ್ಟು ಪರೀಕ್ಷಿಸಿದರೇ ರೋಗ ಖಚಿತ. ಜ್ವರದಲ್ಲಿ ಎಲ್ಲರೂ ಕೈ ಚಾಚಿದ್ದರು. ಗುಣವಾದ ಮೇಲೆ ಕೆಲವರು ದುಡಿಯಲು ಗೋವಾಕ್ಕೆ ಹೋದರು, ಕೆಲವರು ಒಲ್ಲೆವೆಂದರು. ಕೊನೆಗೆ ಪ್ರಾಜೆಕ್ಟಿಗೆ ಬೇಕಾದಷ್ಟರಲ್ಲಿ ಒಂದೇ ಜೋಡಿ ಕಡಿಮೆ ಬಿತ್ತು. ಅದೂ ಸಿಗದಿದ್ದರೆ ಮುಂದಿನ ಮಳೆಗಾಲಕ್ಕೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಈ ವಯಸ್ಸಿನಲ್ಲಿ ಅದು ನನ್ನಿಂದ ಆಗುವ ಮಾತಲ್ಲ.

ಎರಡನೆಯ ಸಲ ರಕ್ತ ಕೇಳಲು ಉಳಿದಿದ್ದವಳು ನಂದಗಡದ ಆಚೆಯ ಹಳ್ಳಿಯ ಒಬ್ಬ ರೈತ ಹೆಂಗಸು. ಸೋಮವಾರ ಬಸವಣ್ಣನ ದಿನವೆಂದು ನಮ್ಮ ಕಡೆ ಎತ್ತು ಹೂಡುವುದಿಲ್ಲ. ಮನೆಯಲ್ಲೇ ಸಿಗುತ್ತಾಳೆಂದು ಆ ದಿನವೇ ಹೋದೆ.

“ಬರ್ರಿ ಅಜ್ಜಾರ, ಕುಂದರ್ರಿ. ಚಾ ಕುಡೀರಿ. ರಕ್ತ ಮಾತ್ರ ಕೇಳಬ್ಯಾಡ್ರಿ.”

“ಯಾಕ ತಂಗಿ? ಹೋದ ಸರ್ತಿ ಕೊಟ್ಟಿದ್ದಿಯಲ್ಲ.”

“ಅವತ್ತ ಸೋಮವಾರ ಇರಲಿಲ್ಲ. ಇವತ್ತ ಎತ್ತಿನ ಹೆಗಲಿಗೆ ನೊಗಾ ಇಡಂಗಿಲ್ಲ, ನನ್ನ ಕೈಗೆ ಸೂಜಿ ಚುಚ್ಚತೀರೇನು?”

ಒಳಗಿನಿಂದ ಅವಳ ಅತ್ತೆ ಕೇಳಿದಳು: “ಲಿಂಗಾ ಕಟ್ಟಿದವರು, ಸೋಮವಾರ ಗೊತ್ತಿಲ್ಲೇನ್ರಿ ನಿಮಗ?”

ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದೆ. ಚಹಾ ಕುಡಿದು, ಐಸ್ ತುಂಬಿದ ಡಬ್ಬಿಯನ್ನು ಹಾಗೇ ಹೊತ್ತು ಮರಳಿದೆ.

ಮರುದಿನ ಮತ್ತೆ ಬಸ್ಸು, ಮತ್ತೆ ಮೊಣಕಾಲು ನೋವು. ಮನೆಗೆ ಬೀಗ. ಕೇಳುತ್ತ ಹೋದರೆ ಆಕೆ ಗದ್ದೆಯಲ್ಲಿ ಭತ್ತದ ನಟ್ಟಿ ಹಚ್ಚುತ್ತಿದ್ದಳು, ಬರಿಗಾಲಲ್ಲಿ, ಮೀನಖಂಡ ಮುಳುಗುವಷ್ಟು ನೀರಿನಲ್ಲಿ.

“ಬೂಟ ಹಾಕ್ಕೋ ಅಂತ ಡಾಕ್ಟರ್ ಹೇಳಿರಲಿಲ್ಲೇನು?”

“ಹಾಕ್ಕೊಂಡಿದ್ನಿರಿ. ಕಾಲು ಬಂತು, ಬೂಟ ಕೆಸರಾಗ ಉಳೀತು.”

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಒಬ್ಬಳೆಂದಳು: “ಬ್ಯಾಸಗ್ಯಾಗ ಬರ್ರಿ ಅಜ್ಜಾರ, ಆವಾಗ ಬೂಟ ಸಿಗತೈತಿ.”

ಆಕೆ ಬದುವಿನ ಮೇಲೆ ಬಂದು ಕೂತು, ಕೈ ತೊಳೆದು ಚಾಚಿದಳು. ರಕ್ತ ತೆಗೆದೆ. ಹತ್ತಿ ಒತ್ತಿ ಹಿಡಿದು ಸ್ವಲ್ಪ ಕೂರು ಎಂದೆ.

“ಮಂದಿ ನಟ್ಟಿ ಸಾಲು ಹಿಡಿದು ಮುಂದ ಹೋಗ್ಯಾರ್ರಿ,” ಎಂದು ಹತ್ತಿಯನ್ನು ನನ್ನ ಕೈಗಿಟ್ಟು ನೀರಿಗಿಳಿದಳು.

ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿತ್ತು. ಒಳಗೆ ಮೀನು ಇದೆಯೇನೆಂದು ಕಂಡಕ್ಟರ್ ಕೇಳಿದ. ಅಲ್ಲವೆಂದೆ. ಬಿಡಿಸಿ ಹೇಳುವ ತ್ರಾಣ ಇರಲಿಲ್ಲ.

ಜೋಡಿ ಪೂರ್ತಿಯಾಯಿತು, ಪ್ರಾಜೆಕ್ಟ್ ಒಪ್ಪಿಗೆಯಾಯಿತು. ಆಕೆಗೆ ಬಂದದ್ದು ಇಲಿಜ್ವರವೇ. ಅದನ್ನು ತಿಳಿಸಿ, ಬರಿಗಾಲಲ್ಲಿ ನೀರಿಗೆ ಇಳಿಯಬೇಡವೆಂದು ಇನ್ನೊಮ್ಮೆ ಹೇಳೋಣವೆಂದು ಫೋನ್ ಮಾಡಿದೆ. ಅತ್ತೆ ಎತ್ತಿದಳು.

“ಗದ್ದೆಗೆ ಹೋಗ್ಯಾಳ್ರಿ. ಏನರ ಹೇಳೂದಿತ್ತೇನು?”