ಸೋಲಾರಿಗೆ ಹೊದಿಸಿದ ಕೌದಿ

ಗೆಳೆಯರೇ, ನನ್ನ ಮಾತು ಕೇಳಿ ಯಾರಾದರೂ ಸೋಲಾರ್ ಹೀಟರ್ ಬೇಡವೆಂದಿದ್ದರೆ ದಯವಿಟ್ಟು ಮನ್ನಿಸಿ. ಕರೆಂಟ್ ಉಳಿಯಲಿ ಎಂದು ಹಾಕಿಸಿದ್ದು ನೀರೇ ಕಾಯಿಸುವುದಿಲ್ಲ ಎಂದು ದೀಪಾವಳಿಯಿಂದ ರಾಮದುರ್ಗದ ತುಂಬ ಹೇಳಿಕೊಂಡು ತಿರುಗಿದವಳು ನಾನೇ, ಅದೂ ಒಮ್ಮೆಯೂ ಮಾಳಿಗೆ ಹತ್ತಿ ನೋಡದೆ.

ಇವತ್ತು ಬೆಳಿಗ್ಗೆ ಹತ್ತಿದೆ. ಸೋಲಾರಿನ ಗಾಜಿನ ತುಂಬ ಕೌದಿ ಹೊದಿಸಿತ್ತು. ಗಾಳಿಗೆ ಹಾರದಂತೆ ಮೂಲೆಮೂಲೆಗೂ ಲಾಡಿ ಕಟ್ಟಿತ್ತು.

ಕೆಳಗಿಳಿದು, "ಇದೇನ್ರಿ ಅತ್ತಿ?" ಎಂದೆ.

"ಅಷ್ಟ ತುಟ್ಟಿ ಸಾಮಾನ ಹಂಗ ಬಿಸಲಾಗ ಬಿಟ್ರ ಹಾಳಾಗೂದಿಲ್ಲೇನ? ನನ್ನ ಹಳೇ ಇಳಕಲ್ ಸೀರಿ ಹರದು ಹೊಲದೇನಿ," ಎಂದರು ಅತ್ತೆ.

ಮತ್ತೆ ಮಾಳಿಗೆ ಹತ್ತಿದೆ. ಕೌದಿ ಬಿಚ್ಚಿಟ್ಟು ಪಕ್ಕದ ಮನೆಗೆ ಓಡಿದೆ. ಲಾರಿ ಓಡಿಸುವ ಮಹಬೂಬಣ್ಣ ತನ್ನ ಮನೆಗೂ ಸೋಲಾರ್ ಹಾಕಿಸುವವನಿದ್ದ. ನಾನು ಹೋಗುವಷ್ಟರಲ್ಲಿ ಬಚ್ಚಲ ಗೋಡೆಗೆ ಕರೆಂಟಿನ ಗೀಸರ್ ಕೂಡಿಸಿಯಾಗಿತ್ತು.

"ನೀವು ಹೇಳಿದ್ದು ಚಲೋ ಆತ್ ನೋಡ್ರಿ ಅಕ್ಕಾರ. ಇಲ್ಲಂದ್ರ ನಾನೂ ಸೋಲಾರ್ ಹಾಕಿಸಿ ಕುಂದರತಿದ್ನಿ," ಎಂದ.

"ಗೀಸರ್ ಚಲೋ ಐತಿ ಅಣ್ಣಾ," ಎಂದಷ್ಟೇ ಹೇಳಿ ಬಂದೆ.

ಸಂಜೆ ನಮ್ಮ ನಲ್ಲಿಯಲ್ಲಿ ಕೈ ಸುಡುವಂಥ ನೀರು ಬಂತು. ಇನ್ನು ಮೇಲೆ ಮಹಬೂಬಣ್ಣನಿಗೆ ಹಬೆ ಕಾಣದಂತೆ ಬಚ್ಚಲ ಕಿಟಕಿ ಮುಚ್ಚಿಕೊಂಡು ಜಳಕ ಮಾಡಬೇಕು.