ಹೋಗುವವರ ಕೈಯಲ್ಲಿ ಕಳಿಸಲಾಗದ ಬಂದೂಕು

ಕಳೆದ ವಾರ ಒಂದು ಹಳೆಯ ಹೊಲಿಗೆ ಯಂತ್ರ ತಂದೆ. ನಾವಿರುವ ಈ ಪರದೇಶದ ಊರು ಗಾಲ್ವೇಯಲ್ಲಿ ಸೀರೆ ಉಡುವವರಿಗೇನೂ ಕಡಿಮೆಯಿಲ್ಲ, ಬ್ಲೌಸ್ ಹೊಲಿದುಕೊಡುವವರು ಮಾತ್ರ ಒಬ್ಬರೂ ಇಲ್ಲ. ಆಸ್ಪತ್ರೆಯ ಡ್ಯೂಟಿ ಇಲ್ಲದ ದಿನ ನಾನೇ ಹೊಲಿದುಕೊಂಡರಾಯಿತು ಎಂಬ ಹುಮ್ಮಸ್ಸು. ಯಂತ್ರಕ್ಕೆ ಎಣ್ಣೆ ಬಿಟ್ಟಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು ನೋಡಿ... ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಕೂತುಬಿಟ್ಟೆ. ಪಕ್ಕದ ಮನೆಯ ಅಜ್ಜನ ಅಡುಗೆಮನೆಯ ವಾಸನೆ ಅದು. ಭಾನುವಾರ ಬಂತೆಂದರೆ ಅವರು ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ತಮ್ಮ ರೈಫಲ್ಲನ್ನು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚುತ್ತಿದ್ದರು.

ನನಗೆ ಬಂದೂಕು ಎಂದರೆ ಮೈಸೂರಿನ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲ್ ಮೇಲೆ ತೂಕಡಿಸುತ್ತಿದ್ದ ಗಾರ್ಡಿನದು, ಅಷ್ಟೇ. ಯುಗಾದಿಗೆ ಹೋಳಿಗೆ ಕೊಡಲು ಮೊದಲ ಸಲ ಅಜ್ಜನ ಮನೆಗೆ ಹೋದಾಗ ಮೇಜಿನ ಮೇಲೆ ಆ ನಳಿಗೆ ಕಂಡು, ತಟ್ಟೆ ಕೈಜಾರುವುದೊಂದು ಬಾಕಿ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಹಿಂದೆ ಇಲ್ಲಿನದೇ ಒಂದು ಹಳ್ಳಿಯಲ್ಲಿ ಕುರಿ ಸಾಕಿದ್ದವರು, ನರಿಗಳಿಂದ ಮರಿಗಳನ್ನು ಕಾಯಲು ಇಟ್ಟುಕೊಂಡಿದ್ದ ರೈಫಲ್ ಅದು. ಹೆಂಡತಿ ತೀರಿಕೊಂಡ ಮೇಲೆ ಕುರಿ, ಹೊಲ ಎಲ್ಲ ಮಾರಿ ನಮ್ಮ ಬಡಾವಣೆಗೆ ಬಂದಿದ್ದರು. ನನಗಂತೂ ಅವರು ದೇವರು ಕೊಟ್ಟ ಅಜ್ಜ. ಚಳಿಗಾಲದಲ್ಲಿ ನಾನು ಬೆಳಗಿನ ಡ್ಯೂಟಿಗೆ ಹೊರಡುವ ಹೊತ್ತಿಗೆ ನನ್ನ ಕಾರಿನ ಗಾಜಿನ ಮೇಲಿನ ಹಿಮವನ್ನೆಲ್ಲ ಕೆರೆದು ಇಟ್ಟಿರುತ್ತಿದ್ದರು. ಯಾಕಜ್ಜ ಇದೆಲ್ಲ ಎಂದು ಬೈದರೆ, ನನಗೆ ನಿದ್ದೆ ಬರಲ್ಲ, ನಿಮಗೆ ಹೊತ್ತಿಲ್ಲ ಎನ್ನುತ್ತಿದ್ದರು.

ನಾಲ್ಕೈದು ವರ್ಷದ ಹಿಂದೆ ಅವರ ಕಣ್ಣು ಮಂಜಾಗುತ್ತ ಬಂತು. ಕಾರು ಓಡಿಸುವುದು ನಿಂತಿತು. ರೈಫಲ್ಲಿನ ಲೈಸೆನ್ಸ್ ಮುಗಿಯುವುದರಲ್ಲಿತ್ತು, ಮತ್ತೆ ಕೇಳುವುದು ಬೇಡವೆಂದು ಅವರೇ ತೀರ್ಮಾನ ಮಾಡಿದ್ದರು. ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿರುವ ಮಗಳು ಅದನ್ನು ಕೇಳಿದ್ದಳು, ಅವಳ ಹೆಸರಿಗೆ ಆ ರೈಫಲ್ಲಿನ ಲೈಸೆನ್ಸೂ ಬಂದಿತ್ತು. ಇನ್ನು ಕಳಿಸುವುದೊಂದೇ ಬಾಕಿ. ಆ ಶನಿವಾರ ನನಗೆ ಅದೇ ಊರಿನಲ್ಲಿ ಗೆಳತಿಯ ಮಗುವಿನ ನಾಮಕರಣ. ಅದಕ್ಕೇನಂತೆ ಕೊಡಿ, ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ ಕೊಟ್ಟು ಬರ್ತೀನಿ ಎಂದೆ.

ನಾವು ಬೆಳೆದದ್ದೇ ಹಾಗಲ್ಲವೇ. ಯಾರಾದರೂ ಊರಿಗೆ ಹೊರಟರೆಂದು ಗೊತ್ತಾದರೆ ಸಾಕು, ಅವರ ಸೂಟ್‌ಕೇಸಿನಲ್ಲಿ ಅರ್ಧ ನಮ್ಮ ಸಾಮಾನು. ಸಾರಿನ ಪುಡಿ, ಅಮ್ಮನ ಕನ್ನಡಕ, ತಂಗಿಯ ಮದುವೆಯ ಸರ... ಎಲ್ಲ ಹೋಗುವವರ ಕೈಯಲ್ಲೇ. ಅಂಚೆಗೆ ಹಾಕುವುದೆಂದರೆ ನಮ್ಮಲ್ಲಿ ಒಂದು ರೀತಿಯ ಅವಮಾನ!

ಅಜ್ಜ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದರು.

"ಡಾಕ್ಟರೇ, ಇದು ಉಪ್ಪಿನಕಾಯಿ ಅಲ್ಲ. ಲೈಸೆನ್ಸ್ ಇಲ್ದೆ ನೀವು ಇದನ್ನ ಒಂದು ಮೈಲಿ ತಗೊಂಡು ಹೋದ್ರೂ ಕೇಸೇ."

ಆಮೇಲೆ ನಿಧಾನವಾಗಿ ಹೇಳಿದರು. ಅಂಚೆಯವರು ಮುಟ್ಟುವುದಿಲ್ಲ, ಕೊರಿಯರ್‌ನವರೂ ಬೇಡ ಎನ್ನುತ್ತಾರೆ. ಒಂದೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯವರು ಕಾರ್ಕ್‌ನ ಇನ್ನೊಂದು ಅಂಗಡಿಗೆ ಕಳಿಸಬೇಕು, ಮಗಳು ಅಲ್ಲಿ ಹೋಗಿ ತೆಗೆದುಕೊಳ್ಳಬೇಕು. ಇಲ್ಲವೇ ಮಾಲೀಕ ತಾನೇ ಹೊತ್ತುಕೊಂಡು ಹೋಗಿ ಅವಳ ಕೈಗೆ ಕೊಡಬೇಕು. ಅಂಗಡಿಯವರ ಹತ್ತಿರ ಮಾತಾಡಿದ್ದಾಗಿದೆ, ಎಲ್ಲ ಗ್ರ್ಯಾಂಡ್, ಅಂದರೆ ಎಲ್ಲ ಸರಿಹೋಗಿದೆ, ಎಂದು ಮುಖ ಆಚೆ ತಿರುಗಿಸಿದರು.

ಮನೆಗೆ ಬಂದು ಹೇಳಿದರೆ ನನ್ನ ಗಂಡ ಲ್ಯಾಪ್‌ಟಾಪ್ ಮುಚ್ಚಿ ಎದ್ದೇ ನಿಂತ. "ಬಂದೂಕಾ? ನಿಂಗೇನಾದ್ರೂ ತಲೆ ಕೆಟ್ಟಿದ್ಯಾ? ನಮ್ಮಿಬ್ರನ್ನೂ ಮುಂದಿನ ಫ್ಲೈಟಿಗೆ ಹತ್ತಿಸ್ತಾರೆ ಅಷ್ಟೇ!"

ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ನಾನು ಕಾರು ಓಡಿಸಿದರೆ ಅಜ್ಜ ತಾವೇ ತೆಗೆದುಕೊಂಡು ಹೋಗಬಹುದಲ್ಲ, ಮತ್ತೆ ಅಂಗಡಿಯ ಗೊಡವೆ ಯಾಕೆ? ಮರುದಿನ ಹೋಗಿ ನೇರವಾಗಿ ಕೇಳಿದೆ. ಆಗ ಬಾಯಿಬಿಟ್ಟರು. ಹೆಂಡತಿ ಸತ್ತ ವರ್ಷ ಮಗಳು, ನಮ್ಮ ಮನೆಗೆ ಬಂದು ಇದ್ದುಬಿಡಪ್ಪ ಎಂದು ಕರೆದಿದ್ದಳಂತೆ. ದುಃಖವೋ ಸಿಟ್ಟೋ, ಹೊಲದ ದುಡ್ಡಿನ ಮೇಲೆ ನಿನ್ನ ಕಣ್ಣು ಎಂದುಬಿಟ್ಟಿದ್ದರು. ಅಂದಿನಿಂದ ಅವಳು ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅವಳು ಒಂದೇ ಒಂದು ಮೆಸೇಜ್ ಕಳಿಸಿದ್ದು ಈಗ, ನನಗೇನೂ ಬೇಡ, ರೈಫಲ್ ಒಂದು ಸಾಕು ಎಂದು.

"ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದರು.

ನನಗೆ ರೇಗಿಹೋಯಿತು. ಇರುವ ಮುಖವನ್ನೇ ಇಟ್ಟುಕೊಂಡು ಹೋಗಿ, ಕಣ್ಣು ಪೂರ್ತಿ ಹೋಗುವುದರೊಳಗೆ ಮಗಳ ಮುಖ ನೋಡಬೇಡವೇ, ಶನಿವಾರ ಬೆಳಿಗ್ಗೆ ರೆಡಿಯಾಗಿರಿ ಎಂದು ಬೈದೇ ಬಂದೆ. ಅಷ್ಟು ದೊಡ್ಡವರಿಗೆ ಹಾಗೆ ಗದರಬಾರದಿತ್ತು. ಆದರೆ ಶನಿವಾರ ನೋಡಿದರೆ ಅಜ್ಜ ಕೋಟು ಹಾಕಿ, ಟೈ ಕಟ್ಟಿ, ಗೇಟಿನಲ್ಲಿ ನಿಂತಿದ್ದರು.

ಉಳಿದ ಗುಂಡುಗಳನ್ನು ಮೊದಲೇ ಅಂಗಡಿಗೆ ಕೊಟ್ಟಿದ್ದರು. ಬೋಲ್ಟ್ ಎಂಬ ಕಬ್ಬಿಣದ ತುಂಡು ತೆಗೆದರೆ ರೈಫಲ್ಲಿನಿಂದ ಗುಂಡು ಹಾರುವುದಿಲ್ಲವಂತೆ. ಅದನ್ನು ಬೇರೆ ಡಬ್ಬಿಯಲ್ಲಿಟ್ಟು, ರೈಫಲ್ಲನ್ನು ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಮಲಗಿಸಿ ಬೀಗ ಹಾಕಿಸಿದರು. ಎಲ್ಲ ಸರಿಯೇ. ಆದರೆ ಹೊರಡುವ ಮುಂಚೆ ಗಾಬರಿಗೆ ಮೂರು ಮಗ್ ಟೀ ಕುಡಿದಿದ್ದರು! ಅರ್ಧ ದಾರಿಗೆ ಬರುವಷ್ಟರಲ್ಲಿ ಮುದುಕರ ಅವಸ್ಥೆ ನೋಡಲಾರೆ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಇಳಿಯಲೊಲ್ಲರು. ಬಂದೂಕನ್ನು ಕಾರಿನಲ್ಲಿ ಒಂಟಿಯಾಗಿ ಬಿಡುವ ಹಾಗಿಲ್ಲ, ಲೈಸೆನ್ಸ್ ಇಲ್ಲದ ನನ್ನ ಸುಪರ್ದಿಗೂ ಬಿಡುವ ಹಾಗಿಲ್ಲ, ಹೆಗಲಿಗೇರಿಸಿಕೊಂಡು ಟಾಯ್ಲೆಟ್ಟಿಗೆ ಹೋದರೆ ಜನ ಕಿರುಚಿಕೊಳ್ಳುತ್ತಾರೆ. ಕೊನೆಗೆ ಒಂದು ಸಣ್ಣ ಊರಿನ ಪೊಲೀಸ್ ಠಾಣೆಯ ಮುಂದೆ ನಿಲ್ಲಿಸಿದೆ. ಅಜ್ಜ ಲೈಸೆನ್ಸ್ ತೋರಿಸಿ ವಿಷಯ ಹೇಳಿದರು. ಆ ಪೊಲೀಸಪ್ಪ ನಗು ತಡೆದುಕೊಂಡು, "ಮೊದ್ಲು ಹೋಗ್ಬನ್ನಿ, ಇಲ್ಲಿ ನಾನ್ ನೋಡ್ಕೋತೀನಿ" ಎಂದು ಕಾರಿನ ಪಕ್ಕ ಕಾವಲು ನಿಂತ. ಆಮೇಲೆ ದಾರಿಯುದ್ದಕ್ಕೂ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಬ್ಯಾಲಿನ್‌ಕೊಲಿಗ್ ಹತ್ತಿರವಾದಂತೆ ಮಾತ್ರ ಅವರು ಟೈಯ ಗಂಟನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳತೊಡಗಿದರು.

ಮಗಳೇ ಬಾಗಿಲು ತೆಗೆದಳು. ನನ್ನನ್ನೊಮ್ಮೆ, ಅಪ್ಪನ ಟೈಯನ್ನೊಮ್ಮೆ ನೋಡಿದಳು. ಹೇಗಿದ್ದೀಯ ಎನ್ನಲೂ ಇಲ್ಲ, ಒಳಗೆ ಬಾ ಎನ್ನಲೂ ಇಲ್ಲ. ತನ್ನ ಲೈಸೆನ್ಸ್ ತಂದು ಅವರ ಕಣ್ಣಿಗೆ ಹತ್ತಿರ ಹಿಡಿದು ತೋರಿಸಿದಳು. ಹಜಾರದಲ್ಲಿ ನಿಂತೇ ಅಜ್ಜ ರೈಫಲ್ ಅವಳ ಕೈಗಿಟ್ಟು, "ಖಾಲಿ ಐತೆ" ಎಂದರು. ಅವಳು ಆ ಮಾತು ಕೇಳದವಳಂತೆ ನಳಿಗೆಯನ್ನು ನೆಲದ ಕಡೆ ಇಳಿಸಿ, ಗುಂಡು ಕೂರುವ ತೂತಿನಲ್ಲಿ ಕಣ್ಣಿಟ್ಟು ನೋಡಿ, ಬೆರಳು ಹಾಕಿ ಮುಟ್ಟಿ ನೋಡಿದಳು. ನನಗೆ ಪಿಚ್ಚೆನಿಸಿತು. ಹೆತ್ತ ಅಪ್ಪನ ಮಾತಿನ ಮೇಲೆ ಇಷ್ಟೂ ನಂಬಿಕೆ ಇಲ್ಲವೇ?

ಅಜ್ಜನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನೋಡಿದ್ರಾ ಡಾಕ್ಟರೇ? ಅಪ್ಪನೇ ಖಾಲಿ ಅಂದ್ರೂ ನಂಬಬೇಡ, ನೀನೇ ನೋಡ್ಕೋ ಅಂತ ಹನ್ನೆರಡನೇ ವಯಸ್ಸಲ್ಲಿ ಹೇಳ್ಕೊಟ್ಟಿದ್ದೆ. ಮರೆತಿಲ್ಲ ನೋಡಿ ನನ್ನ ಹುಡುಗಿ!"

ಮಗಳು ತಲೆ ಎತ್ತಲಿಲ್ಲ. ರೈಫಲ್ಲನ್ನು ಒಳಗೆ ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದಳು. ಬಂದವಳೇ ಅಪ್ಪನ ಕೋಟಿನ ಗುಂಡಿ ಬಿಚ್ಚತೊಡಗಿದಳು. "ಇವತ್ತು ಇಲ್ಲೇ ಇರ್ಲಿ ಬಿಡಿ" ಎಂದಳು, ನನಗೆ.

ನಾಮಕರಣದ ಊಟ ಮುಗಿಸಿ ಒಬ್ಬಳೇ ಗಾಲ್ವೇಗೆ ವಾಪಸಾದೆ. ಒಂದು ದಿನ ಎಂದದ್ದು ವಾರವಾಯಿತು, ತಿಂಗಳಾಯಿತು... ಬೇಸಿಗೆಯಲ್ಲಿ ಅಜ್ಜನ ಮನೆಯ ಮುಂದೆ ಮಾರಾಟದ ಬೋರ್ಡು ಬಿತ್ತು. ಆಗಾಗ ಫೋನಿನಲ್ಲಿ ಸಿಗುತ್ತಿದ್ದರು. ಕಣ್ಣು ಪೂರ್ತಿ ಹೋಗಿದ್ದರೂ ದನಿ ಮಾತ್ರ ಗೆಲುವಾಗಿತ್ತು. ಹೋದ ಚಳಿಗಾಲದಲ್ಲಿ ಫೋನ್ ಮಾಡಿದ್ದು ಮಗಳು. ನಿದ್ದೆಯಲ್ಲೇ ಹೋದರಂತೆ, ಅವಳ ಮನೆಯಲ್ಲೇ.

"ಅಪ್ಪ ಎಲ್ಲರ ಹತ್ರನೂ ಒಂದೇ ಕಥೆ ಹೇಳ್ತಿದ್ರು," ಎಂದಳು. "ಬಂದೂಕು ಕಳಿಸೋಕೆ ಅಂಗಡಿಯವ್ರು ಸಾಕಿತ್ತು, ನನ್ನನ್ನ ಕಳಿಸೋಕೆ ಪಕ್ಕದ್ಮನೆ ಡಾಕ್ಟರೇ ಬೇಕಾಯ್ತು ಅಂತ."

ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅತ್ತುಬಿಟ್ಟೆ. ಪಕ್ಕದ ಮನೆಗೆ ಈಗ ಬೇರೆ ಸಂಸಾರ ಬಂದಿದೆ, ಒಳ್ಳೆಯ ಜನವೇ. ನಗುತ್ತಾರೆ, ಕೈ ಬೀಸುತ್ತಾರೆ. ಆದರೂ ಆ ಬಾಗಿಲು ಕಂಡಾಗಲೆಲ್ಲ, ಇನ್ನೂ ನಾಲ್ಕು ದಿನ ಅಜ್ಜ ಇಲ್ಲೇ ಇರಬಾರದಿತ್ತೇ ಎನಿಸುತ್ತದೆ. ಹಟ ಮಾಡಿ ಕಳಿಸಿ ಬಂದವಳು ನಾನೇ, ಇನ್ನು ಯಾರನ್ನು ಬೈಯಲಿ?